ಓಣಿಯ ಮಗ್ಗ ನಿಂತ ಮಧ್ಯಾಹ್ನ

ನಾನು ಹುಟ್ಟುವ ಮೊದಲೇ ಇಂಗ್ರೇಜರು ಹೋದರು. ಹೋಗುವಾಗ ಒಂದು ದೇಶವನ್ನು ಎರಡು ಮಾಡಿದರು. ಅಂದಿನಿಂದ ಎರಡೂ ಜಗಳಾಡುತ್ತಲೇ ಇವೆ. ನಾನು ಮೂರನೇ ಇಯತ್ತೆ ಓದುವಾಗ ಒಂದು ಯುದ್ಧವಾಯಿತು. ಬನಹಟ್ಟಿಗೆ ಸೊಸೆಯಾಗಿ ಬಂದ ವರ್ಷ ಇನ್ನೊಂದು. ಕಾರ್ಗಿಲ್ ಯುದ್ಧ ನಡೆದಾಗ ಮನೆಯಲ್ಲಿ ಮಗನ ಮದುವೆ. ಒಂದೂ ನಮ್ಮ ಓಣಿಗೆ ಬರಲಿಲ್ಲ. ಸುದ್ದಿ ಕೇಳಿ, ಎದ್ದು ಹೋಗಿ ಮತ್ತೆ ನೇಯಲು ಕೂತೆವು.

ಈ ಸಲದ್ದು ಮನೆಯೊಳಗೇ ಬಂತು. ಮೊಮ್ಮಗ ಸೈನ್ಯದಲ್ಲಿ, ಗಡಿಯ ಹತ್ತಿರ ಇದ್ದ. ಮೂರು ದಿನ ಫೋನಿಲ್ಲ. ಸೊಸೆ ಟಿವಿ ಮುಂದೆ ಕೂತಳು. ಟಿವಿಯವರು ಆ ದೇಶದ ದೊಡ್ಡ ದೊಡ್ಡ ಊರುಗಳನ್ನೆಲ್ಲ ಗೆದ್ದಿದ್ದರು. ಅಷ್ಟು ಗೆದ್ದಿದ್ದರೆ ಹುಡುಗ ಫೋನ್ ಮಾಡಬೇಕಿತ್ತಲ್ಲ ಎಂದೆ.

ನಮ್ಮಲ್ಲಿ ನಾಲ್ಕು ಪವರ್‌ಲೂಮ್ ಇವೆ. ಅವು ನಡೆಯುವಾಗ ಎದುರು ಕೂತವರ ಮಾತೇ ಕೇಳದು, ಫೋನೇನು ಕೇಳೀತು. ನಾಲ್ಕನೆಯ ದಿನ ಸೊಸೆ ಎದ್ದು ಹೋಗಿ ನಾಲ್ಕನ್ನೂ ಬಂದ್ ಮಾಡಿದಳು. ಪಕ್ಕದ ಮನೆಯ ಸದ್ದು ಇನ್ನೂ ಗೋಡೆ ದಾಟಿ ಬರುತ್ತಿತ್ತು. ಅಲ್ಲಿಗೂ ಹೋಗಿ ಹೇಳಿದಳು, ಅದರಾಚೆಗೂ ಹೋದಳು. ಮಧ್ಯಾಹ್ನದೊಳಗೆ ಓಣಿಯೆಲ್ಲ ತಣ್ಣಗಾಯಿತು. ಗಂಡಸರು ಕಟ್ಟೆಯ ಮೇಲೆ ಕೂತು ನಮ್ಮ ಬಾಗಿಲನ್ನೇ ನೋಡತೊಡಗಿದರು.

ಮೂರು ಗಂಟೆಗೆ ಫೋನ್ ಬಂತು. ಹೇಗಿದ್ದೀ ಎಂದು ಸೊಸೆ ಕೇಳಿದಳು. ಮೊಮ್ಮಗ ತಿರುಗಿ ಅವಳನ್ನೇ ಕೇಳಿದ:

"ಯವ್ವಾ, ಮಗ್ಗ ಯಾಕ ನಿಂತಾವು? ಯಾರ್ ಹ್ವಾದ್ರು?"

ಓಣಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾರೂ ಮಗ್ಗ ಹಚ್ಚುವುದಿಲ್ಲ. ಇದು ನಮಗ್ಯಾರಿಗೂ ನೆನಪಾಗಿರಲಿಲ್ಲ. ಮಗ ಫೋನ್ ಕಸಿದುಕೊಂಡು ಕರೆಂಟ್ ಹೋಗಿದೆ ಎಂದ. ಹಿಂದೆ ಟಿವಿ ಒದರುತ್ತಿತ್ತು. ಆಯಿಗೆ ಕೊಡು ಎಂದನಂತೆ ಮೊಮ್ಮಗ. ಸತ್ತವಳು ನಾನೇ ಎಂದು ಅವನು ತೀರ್ಮಾನಿಸಿದ್ದ. ಮನೆಯಲ್ಲಿ ವಯಸ್ಸಾದವಳು ನಾನೇ, ತಪ್ಪೇನಿಲ್ಲ.

"ಸತ್ತಿಲ್ಲಲೇ, ಚಾ ಕುಡಿಯಾಕತ್ತೇನಿ," ಎಂದೆ. "ಗುಂಡು ಬೀಳೂದು ನಿನ್ನ ಕಡೆ. ನೀ ಹೆಂಗದೀ ಅದನ್ ಹೇಳು."

"ನಾ ಆರಾಮ ಅದೇನಿ. ನೀವು ಖರೆ ಹೇಳಾಕತ್ತಿದ್ರ ಮಗ್ಗ ಹಚ್ರಿ, ಕೇಳತೇನಿ."

ಮಗ ನಾಲ್ಕೂ ಮಗ್ಗ ಶುರು ಮಾಡಿದ. ಅದನ್ನು ಕೇಳಿ ಪಕ್ಕದವರು ಹಚ್ಚಿದರು, ಆಮೇಲೆ ಓಣಿಯೆಲ್ಲ. ಮೊಮ್ಮಗ ಇನ್ನೂ ಏನೋ ಹೇಳುತ್ತಿದ್ದ. ನನಗೆ ಕೇಳಿಸಲಿಲ್ಲ, ಫೋನ್ ಸೊಸೆಗೆ ಕೊಟ್ಟೆ. ಅವಳು ಕಿವಿಗೆ ಒತ್ತಿಕೊಂಡು ಹೂಂ, ಹೂಂ ಎನ್ನುತ್ತ ನಿಂತಳು. ಕಟ್ಟಾದ ಮೇಲೂ ಹಾಗೇ ನಿಂತಿದ್ದಳು.

ಏನಂದ ಎಂದು ಕೈಸನ್ನೆಯಲ್ಲಿ ಕೇಳಿದೆ. ಊಟ ಮಾಡಿದ್ದಾನಂತೆ ಎಂದು ನನ್ನ ಕಿವಿಯಲ್ಲಿ ಕೂಗಿದಳು. ಅವಳಿಗೂ ಏನೂ ಕೇಳಿಸಿರಲಿಲ್ಲ. ಛಲೋ ಆತು ಎಂದೆ.