ದೆವ್ವ ಬರೆದ ಪುಸ್ತಕಕ್ಕೆ ಅಮ್ಮನ ನಮಸ್ಕಾರ

ಉಡುಪಿಯಿಂದ ಬಂದಿದ್ದ ಅಮ್ಮನನ್ನು ಮೆಲ್ಬರ್ನಿನ ಒಂದು ಲೈಬ್ರರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಯುರೋಪಿನ ಹಳೇ ಕೈಬರಹದ ಪುಸ್ತಕವೊಂದರ ನಕಲು ಇಟ್ಟಿದ್ದರು. ಬಿಡಿಸಿಟ್ಟರೆ ಊಟದ ಮೇಜಿನಷ್ಟು ಅಗಲ. ಅಮ್ಮ ತೆರೆದ ಪುಟವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾವ ಪುಸ್ತಕ ಕಂಡರೂ ಅವರ ಕೈ ತಾನಾಗಿ ಹಾಗೆ ಹೋಗುತ್ತದೆ.

ಗೈಡ್ ಹುಡುಗಿ ಮುಜುಗರದಿಂದ, ಆ ಪುಟದಲ್ಲಿರುವುದು ದೆವ್ವದ ಚಿತ್ರ ಎಂದಳು. ಸನ್ಯಾಸಿಯೊಬ್ಬನಿಗಾಗಿ ಇಡೀ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಬರೆದುಕೊಟ್ಟದ್ದು ಅದೇ ದೆವ್ವವಂತೆ. ಹೆದರುತ್ತಲೇ ಅಮ್ಮನಿಗೆ ಹೇಳಿದೆ.

“ಇರಲಿ ಮಾರಾಯ, ನಾವು ಊರಲ್ಲಿ ಭೂತಕ್ಕೆ ಕೋಲ ಕೊಟ್ಟು ಕೈಮುಗಿಯುದಿಲ್ವಾ? ಇವ ಪಾಪ, ರಾತ್ರಿಯಿಡೀ ಕೂತು ಬರ್ದಿದ್ದಾನೆ” ಎಂದು ಅಮ್ಮ ಇನ್ನೊಮ್ಮೆ ಕೈಮುಗಿದರು.

ಹಿಂದೆ ಕ್ಯೂನಲ್ಲಿದ್ದವರು ಇದೇ ಇಲ್ಲಿಯ ರೂಲ್ ಅಂದುಕೊಂಡು, ಒಬ್ಬೊಬ್ಬರಾಗಿ ದೆವ್ವವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೊನೆಗೆ ಗೈಡ್ ಕೂಡ. ಇಷ್ಟು ಮರ್ಯಾದೆಯನ್ನು ಆ ದೆವ್ವ ಕನಸಲ್ಲೂ ಎಣಿಸಿರಲಿಕ್ಕಿಲ್ಲ.