ಗೇರುಹಣ್ಣಿನ ಅಚ್ಚು

ಡಿಸೆಂಬರ್ ಬಂತೆಂದರೆ ನನಗೆ ಸೋಂಪಿನ ವಾಸನೆ ಕಂಡರಾಗುವುದಿಲ್ಲ. ಸಿಡ್ನಿಯ ಅಂಚಿನ ಈ ಸ್ಕೋಫೀಲ್ಡ್ಸ್‌ನಲ್ಲಿ ಸೋಂಪು ಹಾಕಿ ಬಿಸ್ಕತ್ತು ಮಾಡುವವರು ಯಾರೂ ಇಲ್ಲ. ಮಾಡಿದವಳು ನನ್ನ ಅಮ್ಮ ಒಬ್ಬಳೇ, ಮಂಗಳೂರಿನಿಂದ ನನ್ನ ಮನೆಗೆ ಬಂದಿದ್ದ ಆ ವರ್ಷ.

ನಮ್ಮದು ಜರ್ಮನ್ ಪಾದ್ರಿಗಳ ಕಾಲದಲ್ಲಿ ಕ್ರೈಸ್ತರಾದ ಮನೆ. ಊರಿನ ಉಳಿದವರು ತಮ್ಮ ಮನೆತನ ಹೇಳಿಕೊಂಡರೆ ನಾವು ಜರ್ಮನಿ ಹೇಳಿಕೊಳ್ಳುತ್ತಿದ್ದೆವು. ಹಂಚಿನ ಕಾರ್ಖಾನೆ ಅವರದು, ಅಚ್ಚುಕೂಟ ಅವರದು, ಚರ್ಚಿನ ಹಾಡಿನ ರಾಗವೂ ಅವರದು. ಅಮ್ಮನ ಅಜ್ಜಿ ಹುಡುಗಿಯಾಗಿದ್ದಾಗ ಸ್ಟುಟ್‌ಗಾರ್ಟ್ ಕಡೆಯ ಒಬ್ಬ ಪಾದ್ರಿಯ ಹೆಂಡತಿಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನರೆಲ್ಲ ಬ್ರಿಟಿಷರಿಗೆ ಶತ್ರುಗಳಾದರು. ಆ ದೊರೆಸಾನಿಯನ್ನೂ ಗಂಡನ ಜೊತೆ ಊರು ಬಿಡಿಸಿದರು. ಹೋಗುವಾಗ ಅವಳು ಅಜ್ಜಿಯ ಕೈಗೆ ಒಂದು ಮರದ ಅಚ್ಚು ಕೊಟ್ಟಳಂತೆ, ಕ್ರಿಸ್‌ಮಸ್ ಬಿಸ್ಕತ್ತಿನ ಹಿಟ್ಟಿನ ಮೇಲೆ ಒತ್ತುವಂಥದ್ದು. ಯಾರದೋ ಒಲೆ ಊದಿದ್ದನ್ನೇ ವಂಶದ ಹೆಮ್ಮೆ ಮಾಡಿಕೊಂಡಿದ್ದೇವೆ ಎಂದು ನಾನು ಎಷ್ಟೋ ಸಲ ಅಮ್ಮನನ್ನು ಚುಚ್ಚಿದ್ದೇನೆ. ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅಚ್ಚಿನಲ್ಲಿ ಕೆತ್ತಿದ್ದು ಒಂದು ಹಣ್ಣು. ಒಂದು ತುದಿ ದಪ್ಪ, ಇನ್ನೊಂದು ಸಪೂರ. ಅಜ್ಜಿಗೆ ಗೊತ್ತಿದ್ದ ಆ ಆಕಾರದ ಹಣ್ಣು ಗೇರುಹಣ್ಣು ಮಾತ್ರ. ಬೀಜವಿಲ್ಲದ ಗೇರುಹಣ್ಣು ಎಲ್ಲಾದರೂ ಉಂಟೇ? ದೊರೆಸಾನಿ ಹೋದ ಮೇಲೆ ಅವಳು ಪ್ರತಿ ಬಿಸ್ಕತ್ತಿನ ದಪ್ಪ ತುದಿಗೆ ಒಂದು ಗೋಡಂಬಿ ಒತ್ತತೊಡಗಿದಳು. ಅಮ್ಮನೂ ಹಾಗೆಯೇ ಮಾಡುತ್ತ ಬಂದಳು. ಅದು ಪಿಯರ್ ಹಣ್ಣೆಂದು ನನಗೆ ಹೊಳೆದದ್ದು ಸಿಡ್ನಿಗೆ ಬಂದ ಮೇಲೆ, ತರಕಾರಿ ಅಂಗಡಿಯಲ್ಲಿ. ಅಮ್ಮನಿಗೆ ಹೇಳಲು ಮನಸ್ಸಾಗಲಿಲ್ಲ.

ಅವಳಿಗೊಂದು ಆಸೆಯಿತ್ತು. ಸಾಯುವ ಮೊದಲು ಒಬ್ಬ ಜರ್ಮನ್ ಹೆಂಗಸಿಗೆ ಈ ಬಿಸ್ಕತ್ತು ತಿನ್ನಿಸಬೇಕು, ಸರಿ ಇದೆ ಎಂದು ಅವಳ ಬಾಯಿಂದಲೇ ಕೇಳಬೇಕು. ಆಮೇಲೆ ದೊರೆಸಾನಿಯ ಕಥೆ ಹೇಳಬೇಕು. ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿರುವ ನನ್ನ ತಮ್ಮ ಫೋನ್ ಮಾಡಿ, ಅಲ್ಲೊಂದು ಜರ್ಮನ್ ಕ್ಲಬ್ ಇದೆ, ಕ್ರಿಸ್‌ಮಸ್‌ಗೆ ಮುಂಚೆ ಎಲ್ಲರೂ ಮನೆಯಲ್ಲಿ ಮಾಡಿದ ತಿಂಡಿ ತಂದಿಡುತ್ತಾರೆ, ಯಾರು ಬೇಕಾದರೂ ಹೋಗಬಹುದು ಎಂದ. ಮುಗಿಯಿತು. ಅಮ್ಮ ನನ್ನ ಅಡುಗೆಮನೆಯನ್ನು ವಶಪಡಿಸಿಕೊಂಡಳು. ಒತ್ತಿದ ಹಿಟ್ಟನ್ನು ರಾತ್ರಿಯಿಡೀ ಮೇಜಿನ ಮೇಲೆ ಒಣಗಿಸಬೇಕು, ಯಾರೂ ಹತ್ತಿರ ಸುಳಿಯಬಾರದು. ಚೆನ್ನಾಗಿ ಒಣಗಿದರೆ ಬೇಯುವಾಗ ಮೇಲಿನ ಚಿತ್ರ ಹಾಗೇ ಉಳಿದು, ಕೆಳಗೆ ಹಿಟ್ಟು ಉಬ್ಬಿ ಪಾದ ಮೂಡುತ್ತದೆ. ಪಾದ ಬರದಿದ್ದರೆ ದೊರೆಸಾನಿ ಇಡೀ ತಟ್ಟೆಯನ್ನೇ ಕೆಲಸದವರಿಗೆ ಕೊಟ್ಟುಬಿಡುತ್ತಿದ್ದಳಂತೆ. ನನ್ನ ಮಗಳು ಒಂದನ್ನು ಕಚ್ಚಿ, "ಇಟ್ ಟೇಸ್ಟ್ಸ್ ಲೈಕ್ ಟೂತ್‌ಪೇಸ್ಟ್" ಎಂದು ಅಲ್ಲೇ ಇಟ್ಟಳು. ಅಮ್ಮ ಅವಳ ಕಡೆ ನೋಡಲೂ ಇಲ್ಲ.

ಬಿಸ್ಕತ್ತುಗಳನ್ನು ಜೋಪಾನವಾಗಿ ಕಟ್ಟಿಕೊಂಡು ನಾವಿಬ್ಬರೂ ಮೆಲ್ಬರ್ನ್‌ಗೆ, ತಮ್ಮನ ಮನೆಗೆ ಹೋದೆವು. ಕ್ಲಬ್ಬಿಗೆ ಹೋದ ದಿನ ನೆತ್ತಿ ಸುಡುವ ಬಿಸಿಲು. ಆ ಬಿಸಿಲಲ್ಲೇ ಜನ ಹುಳಿ ಎಲೆಕೋಸು, ಹಂದಿಯ ಹುರಿದ ಮಾಂಸ ತಟ್ಟೆಗೆ ಹಾಕಿಸಿಕೊಂಡು ಬಿಸಿ ಮಸಾಲೆ ವೈನ್ ಹೀರುತ್ತಿದ್ದರು. ಸಭಾಂಗಣದ ಗೋಡೆಯ ಮೇಲಿನ ಚಿತ್ರಗಳಲ್ಲಿ ಕಲೋನ್‌ನ ಚರ್ಚು, ಹ್ಯಾಂಬರ್ಗ್‌ನ ಬಂದರು, ಡ್ರೆಸ್ಡೆನ್‌ನ ನದಿ. ಸ್ಟುಟ್‌ಗಾರ್ಟ್‌ನ ಚಿತ್ರದ ಮುಂದೆ ಅಮ್ಮ ತವರು ಕಂಡವಳ ಹಾಗೆ ನಿಂತಳು. ಆಮೇಲೆ ಬಿಸ್ಕತ್ತಿನ ತಟ್ಟೆಯನ್ನು ಜರ್ಮನ್ ತಿಂಡಿಗಳ ನಡುವೆ ಇಟ್ಟು ಸೆರಗು ಸರಿಮಾಡಿಕೊಂಡಳು.

ಕಸೂತಿಯ ಏಪ್ರನ್ ತೊಟ್ಟ ಒಬ್ಬ ಹುಡುಗಿ ನಗುತ್ತ ಬಂದಳು. ಅಮ್ಮನ ಸೀರೆ ನೋಡಿದಳು, ಗೋಡಂಬಿ ನೋಡಿದಳು. "ಓ, ಲವ್ಲೀ! ಇಂಡಿಯನ್ ಸ್ವೀಟ್ಸ್!" ಎಂದು ತಟ್ಟೆ ಎತ್ತಿಕೊಂಡು ಹೋಗಿ ಮೂಲೆಯ ಮೇಜಿನಲ್ಲಿ ಸಮೋಸಾಗಳ ಪಕ್ಕ ಇಟ್ಟಳು. ಇಂಡಿಯನ್, ನಟ್ಸ್ ಇದೆ ಎಂದು ಒಂದು ಚೀಟಿಯನ್ನೂ ಒರಗಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ನನ್ನ ರಟ್ಟೆ ಹಿಡಿದಳು.

"ಎಂತದ್ದೂ ಬೇಡ ಮಾರಾಯ್ತಿ, ಸುಮ್ನಿರು."

"ಅವ್ಳಿಗೆ ಹೇಳ್ತೇನೆ ಅಮ್ಮ."

"ಬೇಡ. ತಿಂದವ್ರಿಗೆ ಗೊತ್ತಾಗ್ತದೆ."

ತಿಂದವರೇ ಇರಲಿಲ್ಲ. ಬಂದವರು ಚೀಟಿ ಓದಿ ಸಮೋಸಾ ತೆಗೆದುಕೊಂಡು ಹೋದರು. ಅಮ್ಮ ಆ ಮೇಜಿನ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ, ಒಂದು ಲೋಟ ನೀರೂ ಕುಡಿಯಲಿಲ್ಲ. ಜನ ಕರಗಿ, ಮೇಜುಗಳನ್ನು ಮಡಚತೊಡಗಿದಾಗ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ಒಂದು ಬಿಸ್ಕತ್ತು ಎತ್ತಿ ತಿರುಗಿಸಿ ಪಾದ ನೋಡಿದಳು. ಕಚ್ಚಿದಳು. ತುಂಬ ಹೊತ್ತು ಕಣ್ಣು ಮುಚ್ಚಿಕೊಂಡಳು.

"ಇದನ್ನು ನಿಮಗೆ ಕಲಿಸಿದ್ದು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅಮ್ಮ ಜೀವಮಾನವಿಡೀ ಕಾದಿದ್ದ ಪ್ರಶ್ನೆ. ಶಾಲೆಯಲ್ಲಿ ಟೀಚರಾಗಿದ್ದವಳು, ಇಂಗ್ಲಿಷಿಗೆ ಹೆದರುವವಳಲ್ಲ.

"ನನ್ನ ಅಜ್ಜಿ," ಎಂದಳು ಅಮ್ಮ.

"ಆದರೆ ಇದು ಜರ್ಮನ್ ಬಿಸ್ಕತ್ತು. ನನ್ನ ತಾಯಿ ಮಾಡುತ್ತಿದ್ದಳು. ಈ ಪಿಯರ್‌ಗೆ ಗೋಡಂಬಿ ಯಾಕೆ?"

"ಪಿಯರ್ ಅಲ್ಲ. ಇದು ನಮ್ಮೂರಿನ ಗೇರುಹಣ್ಣು."

ಮುದುಕಿ ಇನ್ನೂ ಏನೋ ಕೇಳುವವಳಿದ್ದಳು. ಅಮ್ಮ ತಟ್ಟೆಗೆ ಮುಚ್ಚಳ ಹಾಕಿ ಚೀಲಕ್ಕೆ ತುಂಬಿದಳು. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ತಕ್ಕ ಶಾಸ್ತಿ ಮಾಡಿದೆ ಎಂದು ಕಾರಿನಲ್ಲಿ ಅಮ್ಮನನ್ನು ಹೊಗಳಿದೆ. ಅವಳು ಕಿಟಕಿಯಾಚೆ ಡ್ಯಾಂಡಿನಾಂಗ್‌ನ ಗೋದಾಮುಗಳನ್ನು ನೋಡುತ್ತಿದ್ದಳು.

"ಅದು ಪಿಯರ್ ಅಂತ ನಿಂಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ನಂಗೂ ಗೊತ್ತುಂಟು, ಸಣ್ಣವಳಿರುವಾಗ್ಲೇ. ಅಜ್ಜಿಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ." ಚೀಲವನ್ನು ಮಡಿಲಿಗೆ ಎಳೆದುಕೊಂಡು ಮತ್ತೆ ಹೇಳಿದಳು, "ಆ ಮುದುಕಿ ಎಂತ ತಪ್ಪು ಮಾಡಿದ್ಳು ಹೇಳು? ಸರಿಯಾಗಿ ತಿಂದವ್ಳು ಅವ್ಳೊಬ್ಳೇ. ಅವ್ಳ ಹತ್ರ ಆದ್ರೂ ದೊರೆಸಾನಿಯ ಸುದ್ದಿ ಹೇಳ್ಬಹುದಿತ್ತು. ಬಾಯಿಗೇ ಬರ್ಲಿಲ್ಲ."

ನನ್ನ ಖುಷಿ ಅಲ್ಲೇ ಇಳಿದುಹೋಯಿತು. ತಟ್ಟೆ ಎತ್ತಿಟ್ಟ ಹುಡುಗಿಗೆ ಇದರ ಗಂಧಗಾಳಿಯೂ ಇಲ್ಲ. ನಗುತ್ತ ಬಂದಳು, ನಗುತ್ತ ಹೋದಳು, ಅಷ್ಟರಲ್ಲಿ ಅಮ್ಮನ ಒಂದು ಜನ್ಮದ ಮಾತು ಕಸಿದುಕೊಂಡಳು. ನಾನು ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ.

ಅಮ್ಮ ಮಂಗಳೂರಿಗೆ ಹಿಂತಿರುಗಿದಳು. ಈ ಡಿಸೆಂಬರಿನಲ್ಲಿ ಫೋನ್ ಮಾಡಿ, ಬಿಸ್ಕತ್ತು ಮಾಡಿದೆಯಾ ಎಂದು ಕೇಳಿದೆ.

"ಅಚ್ಚು ಇಲ್ಲ ಅಲ್ವಾ," ಎಂದಳು.

ಅಚ್ಚು ನನ್ನ ಅಡುಗೆಮನೆಯ ಡ್ರಾಯರಿನಲ್ಲಿದೆ. ಹೊರಡುವ ದಿನ ಬೆಳಿಗ್ಗೆ ಅದನ್ನು ಅಲ್ಲಿಟ್ಟು ಹೋದವಳು ಅವಳೇ.