ಗೋವಾದಲ್ಲಿ ಚಿಕ್ಕಪ್ಪ ಗೊತ್ತು ಮಾಡಿದ ಕಾರು

ಆ ದಿನಗಳು ತೀರ ಹಳೆಯವೇನಲ್ಲ. ಕುರುಗೋಡಿನ ನಮ್ಮ ಓಣಿಯ ಮನೆಮನೆಗೂ ದೊಡ್ಡ ಪರದೆಯ ಫೋನು ಬಂದಿತ್ತು. ಸಂಜೆಯಾದರೆ ಕುಂಟಾಟ ಬಿಟ್ಟು ನಾವೆಲ್ಲ ಅದರ ಸುತ್ತ ಕೂರುತ್ತಿದ್ದೆವು. ನನಗಾಗ ಹನ್ನೊಂದು ವರ್ಷ. ಅಂಥದೊಂದು ಸಂಜೆ ಬಳ್ಳಾರಿಯ ಗಾಂಧಿನಗರದಿಂದ ಚಿಕ್ಕಪ್ಪ ಬಂದು, ತನ್ನ ಫೋನಿನಲ್ಲಿ ಬಿಳಿ ಹಡಗೊಂದನ್ನು ತೋರಿಸಿ, "ಮುಂಬೈಯಿಂದ ಗೋವಾ, ಅಲ್ಲಿಂದ ಕೊಚ್ಚಿ. ಎಲ್ಲಾರೂ ಹೋಗೂಣು" ಎಂದ. ಅಪ್ಪ ಕೆಲಸಕ್ಕಿದ್ದ ಸಿರುಗುಪ್ಪದ ಗಿರಣಿಗೆ ಹೊಸ ಭತ್ತ ಬರುವ ಕಾಲ, ಅಪ್ಪನಿಗೆ ಬಿಡುವಿರಲಿಲ್ಲ. ಅವ್ವ, ಅಜ್ಜಿ, ನಾನು ಚಿಕ್ಕಪ್ಪನ ಜೊತೆ ಹೊರಟೆವು.

ಅಜ್ಜಿ ಬಾದನಹಟ್ಟಿಯಲ್ಲಿ ಹುಟ್ಟಿ ಕುರುಗೋಡಿಗೆ ಸೊಸೆಯಾಗಿ ಬಂದವಳು. ಕಾಲುವೆಗಿಂತ ದೊಡ್ಡ ನೀರಿಗೆ ಇಳಿದವಳಲ್ಲ. ಹಡಗಿನ ಕಟಕಟೆ ಹಿಡಿದು ನಿಂತು, "ಇಷ್ಟು ನೀರೈತಿ, ಮುಟ್ಟಾಕ ಬರಂಗಿಲ್ಲಲ್ಲೋ! ಇಳಿದಾಗ ಒಂದು ಸಲ ಕಾಲು ಅದ್ದಿಸಪ್ಪ, ಸಾಕು" ಎಂದಳು.

"ಅದಕ್ಕೇನವ್ವ, ನಾ ಅದೀನಿ" ಎಂದ ಚಿಕ್ಕಪ್ಪ.

ಗೋವಾದ ಬಂದರಿನಲ್ಲಿ ಹಡಗು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ನಿಲ್ಲುವುದಿತ್ತು. ಊರು ತೋರಿಸಲು ಹಡಗಿನವರದೇ ಬಸ್ಸಿತ್ತು. ಅದು ಸಮುದ್ರದ ದಂಡೆಗೂ ಹೋಗುತ್ತಿತ್ತು. ಬಸ್ಸು ತಡವಾದರೆ ಹಡಗು ಕಾಯುತ್ತದೆ, ತಾವೇ ವಾಹನ ಮಾಡಿಕೊಂಡು ಹೋದವರಿಗೆ ಕಾಯುವುದಿಲ್ಲ ಎಂದು ಮೈಕಿನಲ್ಲಿ ಮತ್ತೆ ಮತ್ತೆ ಹೇಳಿದರು. ಬಸ್ಸಿಗೇ ಹೋಗೋಣ ಎಂದು ಅವ್ವ ಹೇಳಿ ನೋಡಿದಳು.

"ಕುರಿಹಿಂಡಿನಂಗ ಹೋಗೋದೇನು? ನಾ ಬಳ್ಳಾರಿಯಾಗ ಕುಂತಾ ಕಾರು ಗೊತ್ತು ಮಾಡೀನಿ. ನಮ್ಮ ಮನಸಿಗೆ ಬಂದಲ್ಲಿ ನಿಲ್ಲಸ್ತಾನ."

ನಮ್ಮ ಮನಸ್ಸು ಎಂದರೆ ಅವನೊಬ್ಬನ ಮನಸ್ಸು ಎಂಬುದು ಬೆಳಿಗ್ಗೆ ಹತ್ತಾಗುವುದರೊಳಗೇ ಗೊತ್ತಾಯಿತು. ಚರ್ಚಿನ ಮೆಟ್ಟಿಲ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತ. ಅವನ ಫೋಟೊ ಹಿಡಿದು ಹಿಡಿದು ನನ್ನ ಕೈ ಸೋತಿತು. ಆಮೇಲೆ ಅಂಗಡಿಗಳು. ಮಧ್ಯಾಹ್ನ ನಮ್ಮನ್ನು ಬಿಸಿಲಲ್ಲಿ ಕಾರಿನಲ್ಲೇ ಬಿಟ್ಟು, ಒಂದು ಬಾರಿನೊಳಗೆ ಹೋದವನು ಒಂದೂವರೆ ತಾಸು ಹೊರಗೆ ಬರಲಿಲ್ಲ. ಅಜ್ಜಿ ಕಟ್ಟಿಕೊಂಡು ಬಂದಿದ್ದ ಶೇಂಗಾ ಹೋಳಿಗೆಯನ್ನು ಮುರಿದು ನಮಗೆಲ್ಲ ಹಂಚಿದಳು. ಕಾರಿನವನು ಕಾರವಾರದ ಕಡೆಯವನು, ಕನ್ನಡ ಬರುತ್ತಿತ್ತು. ಅವನಿಗೂ ಒಂದು ಕೊಟ್ಟಳು.

ಚಿಕ್ಕಪ್ಪ ಬಂದು ಕೂತಾಗ ಕಾರಿನ ತುಂಬ ಹೆಂಡ, ಕರಿದ ಮೀನು, ಬೆವರಿನ ವಾಸನೆ. ಎಸಿ ಹಾಕಿಸಿ, ಗಾಜು ಏರಿಸಿ, ತೇಗಿದ. ಮತ್ತೆ ತೇಗಿದ. ಬೆಳಗಾದರೆ ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ಚಹಾ ಕೂಡ ಕುಡಿಯದ ಅಜ್ಜಿ ಮೂಗಿಗೆ ಸೆರಗು ಒತ್ತಿಕೊಂಡಳು. ಎರಡು ತಿರುವು ದಾಟುವಷ್ಟರಲ್ಲಿ, ಪರರ ಕಾರು ಹೊಲಸಾಗದಿರಲೆಂದು ಅದೇ ಸೆರಗನ್ನು ಉಡಿಯಂತೆ ಒಡ್ಡಿ, ಅದರಲ್ಲೇ ವಾಂತಿ ಮಾಡಿಕೊಂಡಳು.

"ಥೂ! ಹೊಲಸು! ನಿನ್ನ ಕರಕೊಂಡು ಬಂದದ್ದಾ ತಪ್ಪಾತು" ಎಂದು ಚಿಕ್ಕಪ್ಪ ಮೂಗು ಹಿಡಿದ. ಹೆತ್ತ ತಾಯಿಗೆ.

ಕಾರಿನವನು ಗಾಡಿ ನಿಲ್ಲಿಸಿ, ತನ್ನ ಬಾಟಲಿಯ ನೀರು ಹಾಕಿ ಅಜ್ಜಿಯ ಕೈ ತೊಳೆಸಿದ. ಅವ್ವ ಸೆರಗು ಹಿಂಡಿದಳು. "ಸಮುದ್ರ ಇಲ್ಲೇ ಕೆಳಗದೆ ಅಜ್ಜಿ. ಗಾಳಿಗೆ ಸ್ವಲ್ಪ ಕೂತ್ರೆ ಸುಧಾರಿಸ್ತದೆ. ಇನ್ನೂ ಎರಡೂವರೆ ಅಷ್ಟೆ" ಎಂದ. ತೆಂಗಿನ ಮರಗಳ ಆಚೆ ಅಲೆಯ ಸದ್ದು ಕೇಳುತ್ತಿತ್ತು. ಅಜ್ಜಿ ಆಗಲೇ ಚಪ್ಪಲಿ ಬಿಟ್ಟಿದ್ದಳು.

"ಹಡಗು ತಪ್ಪಿದ್ರ ನೀ ಕರಕೊಂಡು ಹೋಗ್ತಿ ಏನಲೇ ಕೊಚ್ಚಿಗೆ? ಹತ್ತು, ನಡಿ."

"ಹತ್ತಾ ನಿಮಿಷ" ಎಂದು ಅವ್ವ ಬೇಡಿಕೊಂಡಳು. ಚಿಕ್ಕಪ್ಪ ಬಾಗಿಲು ಹಾಕಿದ. ಸ್ವಲ್ಪ ದೂರ ಹೋಗಿ ಮತ್ತೊಂದು ಹೆಂಡದಂಗಡಿ ಮುಂದೆ ಕಾರು ನಿಲ್ಲಿಸಿ, ಅರ್ಧ ತಾಸು ಬಾಟಲಿ ಆರಿಸಿದ. ಹಡಗು ಹತ್ತಿದಾಗ ಮೂರೂಮುಕ್ಕಾಲು.

ರಾತ್ರಿ ಊಟದ ಮೇಜಿಗೆ ಪುಣೆಯ ಒಂದು ಕುಟುಂಬ ಬಂದು ಕೂತಿತು. ಚಿಕ್ಕಪ್ಪ ಹಿಂದಿಯಲ್ಲಿ ಆ ದಿನದ ಕಥೆ ಶುರುಮಾಡಿದ. ಅಜ್ಜಿ ಓಕರಿಸಿದ್ದನ್ನು ಕಣ್ಣು ಮೇಲೆ ಮಾಡಿ, ನಾಲಿಗೆ ಚಾಚಿ, ಕರವಸ್ತ್ರ ಒಡ್ಡಿ ಮಾಡಿ ತೋರಿಸಿದ. ಪುಣೆಯವರು ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಹಿಂದಿ ಬಾರದ ಅಜ್ಜಿ, ಎಲ್ಲರೂ ನಗುತ್ತಾರೆಂದು ತಾನೂ ನಕ್ಕು, ನನ್ನ ಕಿವಿಯ ಬಳಿ ಬಾಗಿ ಕೇಳಿದಳು: "ಏನಂದನ ಯವ್ವಾ ಅಂವ?"

"ಏನಿಲ್ಲಬೇ" ಎಂದೆ.

ಅವ್ವ ತಟ್ಟೆ ಸರಿಸಿ, ಅಜ್ಜಿಯನ್ನು ಎಬ್ಬಿಸಿಕೊಂಡು ಹೋದಳು. ನಾನು ಐಸ್‌ಕ್ರೀಮಿಗಾಗಿ ಕೂತೇ ಇದ್ದೆ. ಕೊಚ್ಚಿಯಲ್ಲಿ ಅಜ್ಜಿ ಕೋಣೆ ಬಿಟ್ಟು ಇಳಿಯಲಿಲ್ಲ. "ನೀವು ಹೋಗಿ ಬರ್ರಿ" ಎಂದಳು, ಅಷ್ಟೆ.

ಊರಿಗೆ ಬಂದ ಮೇಲೆ ಓಣಿಯ ಹೆಂಗಸರು ಸುತ್ತ ಕೂತು ಕೇಳಿದಾಗ ಅಜ್ಜಿ, "ನನ್ನ ಮಗ ಸಮುದ್ರ ತೋರಿಸಿದ್ನವ್ವ" ಎಂದಳು. ಚಿಕ್ಕಪ್ಪ ಅಲ್ಲೇ ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವಳ ಮಾತಿಗೆ ನಾಚಿಕೆಯಾಗಿ ತಲೆ ತಗ್ಗಿಸಿಯಾನು ಎಂದು ನೋಡಿದೆ. ಅವನು ಹೌದೆಂಬಂತೆ ತಲೆಯಾಡಿಸಿದ.

ಅಜ್ಜಿ ಹೋಗಿ ಎರಡು ವರ್ಷವಾಯಿತು. ಬಂಧುಬಳಗದಲ್ಲಿ ಯಾರಿಗೇ ಪ್ರವಾಸ ಬೇಕಾದರೂ ಈಗ ಚಿಕ್ಕಪ್ಪನನ್ನೇ ಕೇಳುತ್ತಾರೆ, ಅವನೂ ಎದೆ ತಟ್ಟಿಕೊಂಡು ಮುಂದೆ ನಿಲ್ಲುತ್ತಾನೆ. ನಾನು ಹೋಗುವುದಿಲ್ಲ. ಅವನ ಮೇಲಿನ ಹೇಸಿಗೆಗೆ ಕಾರಣ ಹೇಳುವುದು ಸುಲಭ. ನನ್ನ ಮೇಲಿನ ಹೇಸಿಗೆಗೆ ಕಾರಣ ಯಾರ ಮುಂದೆ ಹೇಳಲಿ? ಆ ರಾತ್ರಿ ಅವನು ಏನೆಂದನೆಂದು ನನ್ನನ್ನು ಕೇಳಿದವಳು ಅಜ್ಜಿಯೊಬ್ಬಳೇ.